ಹಾಲೆಂಡಿಗೆ ಹೋದ ಶ್ರೀಕಾರ

ಡೊಂಬಿವಲಿ ಪೂರ್ವದ ಜಯಶೀಲ ಸಾಲ್ಯಾನರಿಗೆ ಜಗತ್ತಿನ ಬಗ್ಗೆ ಅಭಿಮಾನ ಹುಟ್ಟಿದ್ದು ಐವತ್ತಾರನೆಯ ವಯಸ್ಸಿನಲ್ಲಿ, ಅದೂ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಅಲ್ಲಿಯವರೆಗೆ ಜಗತ್ತೆಂದರೆ ಅವರಿಗೆ ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಘನ್ಸೋಲಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಮಹಾಪೆ. ಸಂಜೆ ಅದೇ ಜಗತ್ತು ತಿರುಗುಮುರುಗು. ಮಹಾಪೆಯಲ್ಲಿ ಸೋಲಾರ್ ಪ್ಯಾನೆಲ್ ತಯಾರಿಸುವ ಕಂಪನಿಯೊಂದರಲ್ಲಿ ಅವರು ಡಿಸ್ಪ್ಯಾಚ್ ಗುಮಾಸ್ತರು. ತಯಾರಾದ ಪ್ಯಾನೆಲ್ಲುಗಳು ಎರಡೆರಡಾಗಿ ರಟ್ಟಿನ ಪೆಟ್ಟಿಗೆ ಸೇರುತ್ತವೆ. ಆ ಪೆಟ್ಟಿಗೆಯ ಮೇಲೆ ನಂಬರು ಬರೆದು ಕಂಟೇನರ್ ಹತ್ತಿಸಿ ಕಳಿಸುವಲ್ಲಿಗೆ ಅವರ ಕೆಲಸ ಮುಗಿಯಿತು.

ಆ ಮದುವೆಯಲ್ಲಿ ಅವರ ಎದುರು ಎಲೆಗೆ ಕೂತವರು ಭಾವ ದಯಾನಂದ. ಹೆಂಡತಿ ಸ್ವರ್ಣಲತಾಳ ಅಣ್ಣ. ವಾಶಿಯ ಮಾರ್ಕೆಟ್ಟಿನ ಬಳಿ ಹೋಟೆಲು. ಹೋಟೆಲಿನ ಸಾಂಬಾರು ವರ್ಷದಿಂದ ವರ್ಷಕ್ಕೆ ತೆಳುವಾದ ಹಾಗೆ ದಯಾನಂದರ ಕೈಯ ಚಿನ್ನದ ಕಡಗ ದಪ್ಪವಾಗುತ್ತ ಬಂದಿತ್ತು. ಅವರು ಪಾಯಸ ಸುರಿದುಕೊಂಡು, ನಾಲ್ಕು ಎಲೆಯಾಚೆಗೂ ಕೇಳುವಂತೆ, "ಎಂತ ಭಾವ, ಇನ್ನೂ ಡಬ್ಬ ಕಟ್ಟುವುದೇನಾ ಕೆಲಸ?" ಎಂದರು.

ಇಪ್ಪತ್ತೆಂಟು ವರ್ಷ ಈ ಪ್ರಶ್ನೆಗೆ ನಕ್ಕು ಸುಮ್ಮನಾಗಿದ್ದ ಜಯಶೀಲರ ನಾಲಿಗೆಗೆ ಅಂದು ಯಾವ ದೇವರು ಬಂದಿತೋ! "ಡಬ್ಬ ಅಲ್ಲ ಭಾವ. ಜಗತ್ತಿಗೆ ಬೆಳಕು ಕಳಿಸುವ ಕೆಲಸ. ಸೋಲಾರ್ ಅಂದ್ರೆ ಎಂತ ಅಂದುಕೊಂಡಿದ್ದೀರಿ? ನಾನು ಸಹಿ ಹಾಕದಿದ್ರೆ ಯುರೋಪಿನಲ್ಲಿ ಕತ್ತಲೆ," ಎಂದುಬಿಟ್ಟರು. ಪಂಕ್ತಿಯಲ್ಲಿ ಕೂತವರೆಲ್ಲ ತಲೆ ಎತ್ತಿ ನೋಡಿದರು. ಬಡಿಸುವವನು ಗೌರವದಿಂದ ಎರಡನೆಯ ಸಲ ಹೋಳಿಗೆ ಹಾಕಿದ. ಆ ಹೋಳಿಗೆ ಜಯಶೀಲರ ತಲೆಗೇರಿತು.

ಮಾತು ಆಡಿದ ಮೇಲೆ ಅದಕ್ಕೆ ಆಧಾರ ಹುಡುಕುವುದು ನಮ್ಮ ಜನರ ಪದ್ಧತಿ. ಜಯಶೀಲರು ಮರುದಿನವೇ ಆಧಾರ ಹುಡುಕಿದರು. ಆಶ್ಚರ್ಯವೆಂದರೆ ಅದು ಸಿಕ್ಕಿತು. ಜಗತ್ತಿನ ಸೌರವಿದ್ಯುತ್ತು ಸುಮಾರು ಮೂರು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ ಎಂದು ಮೊಬೈಲಿನಲ್ಲಿ ಓದಿದರು. ತಾನು ನಂಬರು ಬರೆದ ಪೆಟ್ಟಿಗೆಗಳು ಆ ದುಪ್ಪಟ್ಟಿನಲ್ಲಿವೆ ಎಂಬುದು ಅವರಿಗೆ ಅದುವರೆಗೆ ಹೊಳೆದಿರಲೇ ಇಲ್ಲ. ಬೆಳಿಗ್ಗೆ ಏಳು ಹದಿನಾಲ್ಕರ ಲೋಕಲ್ಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಈ ಅಂಕಿಅಂಶವನ್ನು ಘೋಷಿಸಿದರು. "ನಿಮ್ಮ ಕರೆಂಟು ಮೂರು ವರ್ಷಕ್ಕೆ ದುಪ್ಪಟ್ಟಾಗ್ತದೆ ಮಾರಾಯ್ರೆ, ಈ ಡಬ್ಬಿಯ ಗರ್ದಿ ದಿವಾ ಸ್ಟೇಷನ್ ಬರುವುದರೊಳಗೇ ದುಪ್ಪಟ್ಟಾಗ್ತದೆ," ಎಂದು ಅವರ ಕಂಕುಳ ಕೆಳಗಿನಿಂದ ಒಂದು ದನಿ ಬಂತು.

ಮನೆಯಲ್ಲಿ, ಮಗ ಅಕ್ಷಿತ್ ಶಾಲೆಯಲ್ಲಿದ್ದಾಗ ತಂದ ಜಗತ್ತಿನ ನಕಾಶೆಯೊಂದು ಕಪಾಟಿನ ಹಿಂದಿನಿಂದ ಹೊರಬಂದು ಗೋಡೆ ಏರಿತು. ಕಂಪನಿಯ ಪೆಟ್ಟಿಗೆ ಹೋದ ದೇಶಕ್ಕೆಲ್ಲ ಒಂದೊಂದು ಗುರುತು ಹಚ್ಚಬೇಕು. ಗುರುತಿಗೆ ಸಿಕ್ಕಿದ್ದು ಸ್ವರ್ಣಲತಾಳ ಅಂಟಿಸುವ ಬೊಟ್ಟಿನ ಪ್ಯಾಕೆಟ್ಟು. ಹದಿನೈದು ದಿನದಲ್ಲಿ ಹದಿನೇಳು ದೇಶಗಳು ಮುತ್ತೈದೆಯರಾದವು.

"ಸತ್ಯನಾರಾಯಣ ಪೂಜೆಗೆ ಹೋಗಲಿಕ್ಕೆ ಒಂದು ಬೊಟ್ಟು ಇಲ್ಲ ಈ ಮನೆಯಲ್ಲಿ. ಆ ಬ್ರೆಜಿಲಿನದ್ದಾದರೂ ಕಿತ್ತುಕೊಡಿ!" ಎಂದು ಸ್ವರ್ಣಲತಾ ಗುಡುಗಿದಳು.

ಅಕ್ಷಿತ್ ಕಾಲೇಜಿನಿಂದ ಬಂದವನು ಗೋಡೆ ನೋಡಿ, "ಪಪ್ಪಾ, ದುನಿಯಾ ಕೋ ಚಿಕನ್‌ಪಾಕ್ಸ್ ಹುವಾ ಹೈ ಕ್ಯಾ?" ಎಂದು ಕೇಳಿ ಒಳಗೆ ಹೋದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ತುಳುವೂ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತದೆ.

ಈಗ ಜಯಶೀಲರ ಒಂದು ಅಭ್ಯಾಸವನ್ನು ಹೇಳಬೇಕು, ಮುಂದಿನ ರಾಮಾಯಣಕ್ಕೆಲ್ಲ ಅದೇ ಕಾರಣ. ಕಾಪುವಿನ ಬಳಿಯ ಶಾಲೆಯಲ್ಲಿ ಅವರಿಗೆ ಅಕ್ಷರ ಕಲಿಸಿದವರು ಶ್ರೀಲಕ್ಷ್ಮಿ ಟೀಚರು. ಹಾಳೆಯ ತಲೆಯ ಮೇಲೆ 'ಶ್ರೀ' ಬರೆಯದೆ ಒಂದಕ್ಷರ ಬರೆದರೆ ಟೀಚರು ಕಿವಿ ಹಿಂಡುತ್ತಿದ್ದರು. ಶ್ರೀ ಬರೆದು ಅದರ ಕೆಳಗೆ ಕಾಗೆ ಕಾಲು ಗುಬ್ಬಿ ಕಾಲು ಗೀಚಿದರೆ ಎರಡೂ ಕಿವಿ. ಹೀಗಾಗಿ ಜಯಶೀಲರು ಹಾಲಿನವನ ಚೀಟಿಗೂ ಶ್ರೀ ಬರೆಯುವವರು, ರೈಲಿನ ಪಾಸಿನ ಅರ್ಜಿಗೂ ಬರೆಯುವವರು. ಕಂಟೇನರಿನಲ್ಲಿ ಪೆಟ್ಟಿಗೆಯ ಪ್ರತಿ ಹೊಸ ಸಾಲೂ ಅವರ ಲೆಕ್ಕದಲ್ಲಿ ಒಂದು ಹೊಸ ಹಾಳೆ. ಸಾಲಿನ ಮೊದಲ ಪೆಟ್ಟಿಗೆಯ ಮೂಲೆಯಲ್ಲಿ ಕಪ್ಪು ಮಾರ್ಕರಿನಿಂದ ಒಂದು ಶ್ರೀ. ಐವತ್ತು ವರ್ಷ ಬರೆದು ಬರೆದು ಸುರುಳಿ ಸುತ್ತಿ, ಬಾಲ ಬೆಳೆಸಿಕೊಂಡ ಶ್ರೀ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಒಂದು ಸೋಮವಾರ ಹಾಲೆಂಡಿನ ಗಿರಾಕಿಯಿಂದ ಕಂಪನಿಗೆ ಇಮೇಲ್ ಬಂತು. ಮ್ಯಾನೇಜರ್ ರಿತೇಶ್ ಲಿಫ್ಟಿನಲ್ಲಿ ನಿಂತು ಮೊದಲ ನಾಲ್ಕು ಸಾಲು ಓದಿದ. ನಿಮ್ಮ ಕೆಲವು ಪೆಟ್ಟಿಗೆಗಳ ಮೇಲೆ ಒಂದು ಅಪರಿಚಿತ ಚಿಹ್ನೆ ಕಂಡಿದೆ, ಚಿತ್ರ ಲಗತ್ತಿಸಿದೆ, ಇದರ ಬಗ್ಗೆ ವಿಚಾರಿಸಲು ನಮ್ಮ ಅಧಿಕಾರಿ ಮುಂದಿನ ಸೋಮವಾರ ಬರುತ್ತಿದ್ದಾರೆ. ಅದರ ಕೆಳಗೆ ಹನ್ನೊಂದು ಪುಟದ ವರದಿಯೂ ಇತ್ತು. ಹನ್ನೊಂದು ಪುಟ ಓದುವ ತಾಳ್ಮೆ ಇದ್ದವರನ್ನು ಯಾರೂ ಮ್ಯಾನೇಜರ್ ಮಾಡುವುದಿಲ್ಲ.

ರಿತೇಶನ ತಂದೆತಾಯಿ ಕುಂದಾಪುರದ ಕಡೆಯವರು. ಆದರೆ ಹುಟ್ಟಿ ಬೆಳೆದದ್ದು ಠಾಣೆಯಲ್ಲಾದ್ದರಿಂದ ಅವನಿಗೆ ಕನ್ನಡ ಕಿವಿಯಿಂದ ಒಳಗೆ ಹೋಗುತ್ತಿತ್ತೇ ಹೊರತು ಕಣ್ಣಿನಿಂದ ಹೋಗುತ್ತಿರಲಿಲ್ಲ. ಸ್ವಂತ ತಾಯಿ ಹಬ್ಬದ ಸಾಮಾನಿನ ಪಟ್ಟಿಗೆ ಬರೆಯುವ ಅಕ್ಷರವನ್ನು ಹತ್ತು ನಿಮಿಷ ದಿಟ್ಟಿಸಿ, "ಚೈನೀಸ್!" ಎಂದು ಕೂಗಿದ. ಕೂಗಿದ ಮೇಲೆ ಬೆವರಿದ. ಚೀನಾದ ಮಾಲಿಗೆ ನಮ್ಮ ಪೆಟ್ಟಿಗೆ ತೊಡಿಸಿ ಕಳಿಸುತ್ತಿದ್ದೇವೆಂದು ಹಾಲೆಂಡಿನವರಿಗೆ ಅನುಮಾನ ಬಂದಿದೆ, ಆರ್ಡರು ಹೋಯಿತು, ತನ್ನ ಕುರ್ಚಿಯೂ ಹೋಯಿತು ಎಂದು ಅವನೇ ಅರ್ಥ ಮಾಡಿಕೊಂಡ.

ಮೀಟಿಂಗ್ ಕರೆದು ಗೋಡೆಯ ಮೇಲೆ ಆ ಚಿತ್ರವನ್ನು ಆಳೆತ್ತರಕ್ಕೆ ಬಿಟ್ಟರು. ಕ್ವಾಲಿಟಿ ವಿಭಾಗದ ಸಂಜನಾ ಮೊಬೈಲಿನ ಕ್ಯಾಮೆರಾ ಹಿಡಿದು ವಿಚಾರಿಸಿದಳು. ಮೊಬೈಲು ಒಮ್ಮೆ ಬಸವನಹುಳು ಎಂದಿತು, ಇನ್ನೊಮ್ಮೆ ಮನುಷ್ಯನ ಕಿವಿ ಎಂದಿತು. ಅಕೌಂಟ್ಸಿನವರು ಬರ್ಮಾ ಭಾಷೆ ಎಂದರು. ಬಾಗಿಲಲ್ಲಿ ನಿಂತಿದ್ದ ಬಿಹಾರದ ವಾಚ್‌ಮನ್ ಇಣುಕಿ ನೋಡಿ, "ಸಾಬ್, ಯೇ ತೋ ಜಲೇಬಿ ಹೈ," ಎಂದ. ಲೋಡಿಂಗಿನವರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಎಂಟು ಜನವೂ ವಿಜಯಪುರ, ಕಲಬುರಗಿ ಕಡೆಯವರು. ಪೆಟ್ಟಿಗೆ ಹೊರುವವರಿಗೆ ಅಕ್ಷರ ಬರುತ್ತದೆಂದು ಎಸಿ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ಎಕ್ಸ್‌ಪೋರ್ಟ್ ಮಾಲಿನ ಮೇಲೆ ಇದನ್ನು ಗೀಚಿದವನು ಯಾರು ಅಂತ ಗೊತ್ತಾದ ದಿನ, ಅವನಿಗೆ ಇಲ್ಲಿ ಅದೇ ಕೊನೇ ದಿನ," ಎಂದು ರಿತೇಶ್ ಹಿಂದಿಯಲ್ಲಿ ಸಾರಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಿಂದಿನ ಸಾಲಿನಲ್ಲಿದ್ದ ಜಯಶೀಲರು ಹೆಗಲು ಮುಟ್ಟಲಿಲ್ಲ. ಅಂಗಿಯ ಜೇಬಿನ ಮಾರ್ಕರನ್ನು ಮೆಲ್ಲಗೆ ತೆಗೆದು ಬಗ್ಗಿ ಎಡಗಾಲಿನ ಕಾಲುಚೀಲದೊಳಗೆ ಇಳಿಸಿದರು. ನಿವೃತ್ತಿಗೆ ಇನ್ನು ಎರಡೇ ವರ್ಷ. ಯುರೋಪಿಗೆ ಬೆಳಕು ಕಳಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದವನನ್ನು ಯುರೋಪಿನವರೇ ಬಂದು ಹೊರಗೆ ಹಾಕುವುದೆಂದರೆ! ಭಾವ ದಯಾನಂದರ ಮುಖ ಅವರ ಕಣ್ಣೆದುರು ಬಂತು. ಆ ಗಾಬರಿಯಲ್ಲಿ ಮಾರ್ಕರಿನ ಮುಚ್ಚಳ ಸಡಿಲವಿದ್ದದ್ದು ತಿಳಿಯಲಿಲ್ಲ.

ಸಂಜೆ ಮನೆಗೆ ಬಂದು ಬೂಟು ಕಳಚಿದಾಗ ಹಿಮ್ಮಡಿಯಿಂದ ಬೆರಳಿನವರೆಗೆ ಎಡ ಪಾದ ಕಾಡಿಗೆಗಪ್ಪು. ಸ್ವರ್ಣಲತಾ ನೋಡಿದವಳೇ ಕಿರುಚಿ ಅಣ್ಣನಿಗೆ ಫೋನು ಮಾಡಿದಳು. "ಅಣ್ಣ, ಇವರ ಕಾಲು ಕಪ್ಪಾಗಿದೆ!" ದಯಾನಂದ ವೈದ್ಯಕೀಯ ಓದಿದವರಲ್ಲ, ಆದರೆ ಹೋಟೆಲಿನವರಿಗೆ ಗೊತ್ತಿರದ ವಿಷಯ ಇರುವುದಿಲ್ಲ. "ಶುಗರ್! ನಾನು ಆವತ್ತೇ ನೋಡಿದೆ, ಮದುವೆಯಲ್ಲಿ ಎರಡು ಹೋಳಿಗೆ ತಿಂದಿದ್ದಾನೆ. ಬೆರಳು ತೆಗೀಬೇಕಾಗ್ತದೆ," ಎಂದರು. ಅರ್ಧ ಗಂಟೆಯಲ್ಲಿ ಕಲ್ಯಾಣದಿಂದ ಒಬ್ಬ ಷಡ್ಡಕ, ಮುಲುಂಡಿನಿಂದ ಚಿಕ್ಕಮ್ಮ, ಊರಿನಿಂದ ಮೂರು ಜನ ಫೋನು ಮಾಡಿದರು. ಪಕ್ಕದ ಮನೆಯ ಮರಾಠಿ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಓಡಿಬಂದಳು. ಇನ್ನು ತಡೆದರೆ ಆಂಬುಲೆನ್ಸ್ ಬರುತ್ತದೆಂದು ಕಂಡಾಗ ಜಯಶೀಲರು ಹೆಂಡತಿಯನ್ನು ಅಡುಗೆಮನೆಗೆ ಕರೆದು ನಡೆದದ್ದನ್ನೆಲ್ಲ ಹೇಳಿದರು.

ಸ್ವರ್ಣಲತಾ ಕೇಳಿ, "ಶ್ರೀ ಬರೆದದ್ದಕ್ಕೆ ಕೆಲಸದಿಂದ ತೆಗೀತಾರಾ? ಕೆಟ್ಟ ಮಾತು ಬರೆದಿದ್ರೆ ಬೇರೆ," ಎಂದಳು.

"ಹಾಲೆಂಡಿನವರಿಗೆ ಎಂತ ಗೊತ್ತು ಮಾರಾಯ್ತಿ, ಯಾವುದು ಕೆಟ್ಟದ್ದು ಯಾವುದು ಒಳ್ಳೇದು ಅಂತ!"

ಈಗ ಹೆದರಬೇಕಾದದ್ದು ಒಬ್ಬನಿಗೆ. ಲೋಡಿಂಗ್ ಗ್ಯಾಂಗಿನ ಮುಖಂಡ ಜಟ್ಟೆಪ್ಪ ಕನ್ನಡ ಓದಬಲ್ಲ. ಅವನು ಬಾಯಿಬಿಟ್ಟರೆ ಕಥೆ ಮುಗಿಯಿತು. ಮರುದಿನದಿಂದ ಜಯಶೀಲರು ಅವನಿಗಾಗಿ ಒಂದು ದೊಡ್ಡ ಡಬ್ಬಿ ಗೋಳಿಬಜೆಯನ್ನು ಲೋಕಲ್ಲಿನ ಗರ್ದಿಯಲ್ಲಿ ತಲೆಯ ಮೇಲೆ ಹೊತ್ತುಕೊಂಡೇ ಹೋಗತೊಡಗಿದರು. ಮಂಗಳವಾರ ಗೋಳಿಬಜೆ, ಬುಧವಾರ ಗೋಳಿಬಜೆ, ಗುರುವಾರ ಚಟ್ನಿಯೊಂದಿಗೆ ಗೋಳಿಬಜೆ. ಶುಕ್ರವಾರ ಜಟ್ಟೆಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದ.

"ಸರ, ಕೇಳ್ತೀನಂತ ಸಿಟ್ಟಾಗಬ್ಯಾಡ್ರಿ. ಮನ್ಯಾಗ ಏನರ ಲಗ್ನ ಐತೇನ್ರಿ? ಇಲ್ಲಾ ನೀವೇನರ ಇಲೆಕ್ಷನ್‌ಗೆ ನಿಂತೀರೇನ್ರಿ?"

"ಅದೆಲ್ಲ ಎಂತದೂ ಇಲ್ಲ ಜಟ್ಟೆಪ್ಪ. ಆ ಪೆಟ್ಟಿಗೆ ಮೇಲಿನ ಶ್ರೀ ಇದೆಯಲ್ಲ, ಅದನ್ನು ಯಾರಿಗೂ ಹೇಳಬೇಡ."

"ಯಾರರ ಕೇಳಿದ್ರ ಹೇಳಬೇಕಲ್ರೀ? ನಮ್ಮನ್ನ ಯಾರ ಕೇಳ್ತಾರ್ರೀ ಸರ," ಎಂದು ಜಟ್ಟೆಪ್ಪ ಇನ್ನೊಂದು ಗೋಳಿಬಜೆ ತೆಗೆದುಕೊಂಡ.

ಆ ವಾರ ಜಯಶೀಲರು ಯಾವ ಪೆಟ್ಟಿಗೆಗೂ ಶ್ರೀ ಬರೆಯಲಿಲ್ಲ. ಪ್ರತಿ ಸಾಲಿಗೂ ಕೈ ತಾನಾಗಿ ಮೂಲೆಗೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಐವತ್ತು ವರ್ಷದಲ್ಲಿ ಮೊದಲ ಸಲ ತಲೆಯಿಲ್ಲದ ಹಾಳೆ ಬರೆದ ಹಾಗೆ ಅವರಿಗೆ ನಿಜವಾಗಿ ದುಃಖವಾಯಿತು.

ಭಾನುವಾರ ಅವರು ಒಂದು ನಿರ್ಧಾರಕ್ಕೆ ಬಂದರು. ಯಾರೋ ಹಿಡಿದುಕೊಟ್ಟು ಹೋಗುವುದಕ್ಕಿಂತ ತಾನೇ ಒಪ್ಪಿಕೊಂಡು ಹೋಗುವುದು ಮರ್ಯಾದೆ. ಅಕ್ಷಿತನನ್ನು ಕೂರಿಸಿಕೊಂಡು, ಅವನು ಹೇಳಿದಂತೆ ಇಂಗ್ಲಿಷಿನಲ್ಲಿ ಸ್ವಂತ ಕೈಯಿಂದ ಒಂದು ಕ್ಷಮಾಪಣೆ ಪತ್ರ ಬರೆದರು. ಆ ಚಿಹ್ನೆಗೂ ತನಗೂ ಇರುವ ಸಂಬಂಧಕ್ಕಾಗಿ ವಿಷಾದಿಸುತ್ತೇನೆ, ಎರಡು ವರ್ಷ ಬಾಕಿ ಇರುವ ಬಡ ಗುಮಾಸ್ತನ ಮೇಲೆ ದಯೆ ಇರಲಿ, ಎಂದು ಅದರ ಸಾರಾಂಶ.

ಸೋಮವಾರ ಹಾಲೆಂಡಿನ ಮೇಡಂ ಬಂದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಚಹಾ ಕೂಡ ಮುಟ್ಟದೆ ನೇರವಾಗಿ ಗೋದಾಮಿಗೆ ಹೋಗಿ ಆ ವಾರದ ಪೆಟ್ಟಿಗೆಗಳ ಸುತ್ತ ಎರಡು ಸಲ ತಿರುಗಿ, "ಎಲ್ಲಿ ಆ ಮಾರ್ಕು?" ಎಂದು ಕೇಳಿದರು. ರಿತೇಶ್ ಎದೆಯುಬ್ಬಿಸಿ, "ನಿಲ್ಲಿಸಿಬಿಟ್ಟಿದ್ದೇವೆ ಮೇಡಂ, ಸಂಪೂರ್ಣವಾಗಿ ನಿಲ್ಲಿಸಿದ್ದೇವೆ," ಎಂದ. ಮೇಡಂ ಮುಖ ಕೆಂಪಾಯಿತು. ಕ್ಯಾಬಿನ್ನಿಗೆ ಬಂದು ಲ್ಯಾಪ್‌ಟಾಪ್ ತೆರೆದು ಆ ಹನ್ನೊಂದು ಪುಟವನ್ನು ಒಂದೊಂದಾಗಿ ತೋರಿಸಿದರು.

ಪ್ಯಾನೆಲ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಮೇಲೆ ಭಾರ ಬಿದ್ದರೆ ಒಳಗೆ ಕೂದಲಿನಂಥ ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕರೆಂಟು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತದೆ. ಹಾಲೆಂಡಿನವರು ಅದನ್ನು ವಿಶೇಷ ಕ್ಯಾಮೆರಾದಿಂದ ನೋಡಿದ್ದರು. ಸಾಮಾನ್ಯ ಪೆಟ್ಟಿಗೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಆ ಚಿಹ್ನೆ ಇದ್ದ ಪೆಟ್ಟಿಗೆಗಳ ಇನ್ನೂರ ಹದಿನಾರು ಪ್ಯಾನೆಲ್ಲುಗಳಲ್ಲಿ ಒಂದು ಕೂಡ ಇಲ್ಲ.

"ನಮಗೆ ಎಲ್ಲ ಪೆಟ್ಟಿಗೆಯೂ ಈ ಮಾರ್ಕಿನದ್ದೇ ಬೇಕು. ಇದನ್ನು ಕೊಡುವ ಸಂಸ್ಥೆ ಯಾವುದು? ಅದರ ಮುಖ್ಯಸ್ಥರನ್ನು ಕಾಣಬೇಕು," ಎಂದರು ಮೇಡಂ.

ರಿತೇಶ್ ಸಂಜನಾಳ ಮುಖ ನೋಡಿದ. ಸಂಜನಾ ಫ್ಯಾನ್ ನೋಡಿದಳು. ಸರಿಯಾಗಿ ಆ ಹೊತ್ತಿಗೆ ಬಾಗಿಲು ತಳ್ಳಿ ಜಯಶೀಲರು ಒಳಗೆ ಬಂದರು. ಅವರಿಗೆ ಒಳಗಿನ ಮಾತು ಒಂದೂ ಕೇಳಿರಲಿಲ್ಲ. ಯಾರ ಮುಖವನ್ನೂ ನೋಡದೆ ಮೇಜಿನ ಮೇಲೆ ಕ್ಷಮಾಪಣೆ ಪತ್ರವಿಟ್ಟು, ಕೈಕಟ್ಟಿ ನಿಂತರು. ಪತ್ರದಲ್ಲಿ ಏನು ಬರೆದಿದೆಯೆಂದು ಯಾರೂ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಇಂಗ್ಲಿಷ್ ಸಾಲುಗಳ ನೆತ್ತಿಯ ಮೇಲೆ, ಸುರುಳಿ ಸುತ್ತಿ ಬಾಲ ಬಿಟ್ಟುಕೊಂಡು, ಅದೇ ಶ್ರೀ ಕೂತಿತ್ತು.

ಮೇಡಂ ಧಡಕ್ಕನೆ ಎದ್ದು ನಿಂತು, ತಮ್ಮ ಎರಡೂ ಕೈಗಳಿಂದ ಜಯಶೀಲರ ಕೈ ಹಿಡಿದು ಜೋರಾಗಿ ಕುಲುಕಿದರು. ಕೆಲಸದಿಂದ ತೆಗೆಯುವಾಗ ಹಾಲೆಂಡಿನಲ್ಲಿ ಹೀಗೆ ಮಾಡುವ ಪದ್ಧತಿ ಇರಬೇಕೆಂದು ಜಯಶೀಲರು ಭಾವಿಸಿದರು.

"ಜಯಶೀಲ್‌ಜಿ... ಯೇ ಆಪ್?" ಎಂದ ರಿತೇಶ್.

"ಹೌದು ಸರ್. ನಾನೇ. ಅದು ಶ್ರೀ. ಕನ್ನಡ," ಎಂದರು ಜಯಶೀಲರು. "ಶ್ರೀ ಬರೆದ ಮೇಲೆ ಕೆಳಗೆ ತಪ್ಪು ಇರಬಾರದು ಅಂತ ನಮ್ಮ ಟೀಚರು ಹೇಳಿದ್ದರು. ಹಾಗಾಗಿ ಆ ಪೆಟ್ಟಿಗೆಯ ನಾಲ್ಕೂ ಮೂಲೆ ತಟ್ಟಿ ನೋಡಿಯೇ ಬರೆಯುವುದು. ಅದಕ್ಕಿಂತ ಹೆಚ್ಚು ನನಗೆ ಎಂತದೂ ಗೊತ್ತಿಲ್ಲ."

ಮೂಲೆ ತಟ್ಟಿದರೆ ಬಿರುಕು ನಿಲ್ಲುವುದೆಂದು ಮೇಡಂ ನಂಬಲಿಲ್ಲ. ಕಣ್ಣಾರೆ ನೋಡಬೇಕೆಂದರು. ಎಲ್ಲರೂ ಲೋಡಿಂಗ್ ಜಾಗಕ್ಕೆ ಬಂದರು. ಜಟ್ಟೆಪ್ಪನ ಗ್ಯಾಂಗು ಎಂದಿನಂತೆ ಕಂಟೇನರ್ ತುಂಬುತ್ತಿತ್ತು. ಕೆಳಗಿನ ಸಾಲು ಇಟ್ಟಾದ ಮೇಲೆ ಮೇಲಿನ ಸಾಲಿಗೆ ಕೈ ಎಟಕಬೇಕಲ್ಲ. ಜಟ್ಟೆಪ್ಪ ಕೆಳಗಿನ ಪೆಟ್ಟಿಗೆಯ ಮೇಲೆ ಕಾಲಿಟ್ಟು ಹತ್ತಿ ನಿಂತ, ಹಗ್ಗ ಬಿಗಿದ, ಒಂದು ಗಳಿಗೆ ಅಲ್ಲೇ ಕೂತು ಬೆವರು ಒರೆಸಿಕೊಂಡ. ಮೇಡಂ ಹಣೆಗೆ ಕೈ ಹೊಡೆದುಕೊಂಡರು.

"ಈಗ ಬರೀರಿ," ಎಂದು ರಿತೇಶ್ ಹಿಂದಿಯಲ್ಲಿ ಹೇಳಿದ.

ಜಯಶೀಲರು ಹೊಸ ಸಾಲಿನ ಮೊದಲ ಪೆಟ್ಟಿಗೆಯ ಮೂಲೆ ತಟ್ಟಿ, ವಾರದ ಹಸಿವೆಲ್ಲ ತೀರುವಂತೆ ಒಂದು ಶ್ರೀ ಬರೆದರು. ಜಟ್ಟೆಪ್ಪ ಬಂದು ನೋಡಿದ. ಚಪ್ಪಲಿ ಬಿಟ್ಟ. ಅಕ್ಷರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಇಬ್ಬರು ಎತ್ತುವ ಪೆಟ್ಟಿಗೆಗೆ ನಾಲ್ವರು ಕೈಹಚ್ಚಿ, ತೊಟ್ಟಿಲ ಕೂಸನ್ನು ಮಲಗಿಸುವ ಹಾಗೆ ಇಟ್ಟರು. ಆಮೇಲೆ ಜಟ್ಟೆಪ್ಪ ಅದರ ಪಕ್ಕದ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಸರ್ಕಸ್ಸಿನವನಂತೆ ಮೈ ಹೊರಳಿಸಿ ಅದನ್ನು ದಾಟಿಕೊಂಡು ಹೋದ.

"ಅದರ ಮೇಲೆ ಯಾಕೆ ಕಾಲು ಇಡಲಿಲ್ಲ?" ರಿತೇಶನ ಬಾಯಿಂದ ಕನ್ನಡ ಬಂದದ್ದು ಅವನಿಗೇ ತಿಳಿಯಲಿಲ್ಲ.

"ಶ್ರೀ ಐತಲ್ರೀ ಸಾಹೇಬ್ರ! ಅದರ ಮ್ಯಾಲ ಕಾಲ್ ಹೆಂಗ ಇಡೂದ್ರಿ? ನಮಗೂ ಮಕ್ಳುಮರಿ ಅದಾವು."

ಜಯಶೀಲರು ಅದನ್ನು ಹಿಂದಿಗೆ ತಂದು, ಸಂಜನಾ ಇಂಗ್ಲಿಷಿಗೆ ತಿರುಗಿಸುವುದಕ್ಕೆ ಎರಡು ನಿಮಿಷ ಹಿಡಿಯಿತು. ಮೇಡಂ ಜಟ್ಟೆಪ್ಪನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಮತ್ತೆ ಬಗ್ಗಿ ಆ ಅಕ್ಷರವನ್ನು ನೋಡಿದರು. ರಿತೇಶನಿಗೆ ಹುರುಪು ಬಂತು. "ಬಸ್! ಇವತ್ತಿನಿಂದ ಎಲ್ಲ ಪೆಟ್ಟಿಗೆಗೂ ಶ್ರೀ!" ಎಂದು ಕೈ ತಟ್ಟಿದ.

ಜಟ್ಟೆಪ್ಪ ತಲೆ ಕೆರೆದುಕೊಂಡ. "ಬರೀರಿ ಸಾಹೇಬ್ರ, ಬ್ಯಾಡ ಅನ್ನಾಂಗಿಲ್ಲ. ಎಲ್ಲಾದರ ಮ್ಯಾಲೂ ಶ್ರೀ ಬರದ್ರ ನಾವು ಕಾಲ್ ಎಲ್ಲಿ ಇಡೂಣ್ರೀ? ಒಂದ ಏಣಿ ಕೊಡ್ರೀ ಅಂತ ಎರಡ ವರ್ಷದಿಂದ ಕೇಳಾಕತ್ತೀವಿ."

ಏಣಿ ಎಂಬ ಮಾತು ಇಂಗ್ಲಿಷಾಗಿ ಮೇಡಂ ಕಿವಿಗೆ ಬಿದ್ದಾಗ ಅವರು ರಿತೇಶನತ್ತ ತಿರುಗಿದ ರೀತಿಗೆ, ಬುಧವಾರವೇ ಚಕ್ರವಿರುವ ನಾಲ್ಕು ಏಣಿಗಳು ಮಹಾಪೆಗೆ ಬಂದವು. ಅವುಗಳ ಕಾಲಿಗೂ ಯಾರೋ ಕುಂಕುಮ ಹಚ್ಚಿದ್ದರು.

ಕಂಪನಿ ಶ್ರೀಯನ್ನು ಮಷೀನಿನಲ್ಲಿ ಅಚ್ಚು ಹಾಕಿಸಿ ಅಂಟಿಸಲು ನೋಡಿತು. ಜಟ್ಟೆಪ್ಪ ಬೆರಳಿನಿಂದ ಕೆರೆದು ನೋಡಿ, "ಮಷೀನಿಗೆ ಏನ್ ಭಕ್ತಿ ಐತ್ರಿ?" ಎಂದ. ಮೇಡಂ ಕೂಡ ಕೈಬರಹವೇ ಬೇಕೆಂದು ಬರೆದರು. ದಿನಕ್ಕೆ ಮುನ್ನೂರು ಶ್ರೀ ಬರೆದು ಜಯಶೀಲರ ಮಣಿಕಟ್ಟು ಊದಿಕೊಂಡಿತು. ಕೊನೆಗೆ ಅವರು ಊಟದ ವಿರಾಮದಲ್ಲಿ ಪಾಠ ಶುರುಮಾಡಬೇಕಾಯಿತು. ಮೊದಲ ವಿದ್ಯಾರ್ಥಿ ರಿತೇಶ್. ಒಂಬತ್ತು ಸಲ ಜಲೇಬಿ ಬರೆದು ಹತ್ತನೆಯ ಸಲಕ್ಕೆ ಶ್ರೀ ಬರೆದ. ಅದರ ಫೋಟೋ ತೆಗೆದು ಠಾಣೆಯಲ್ಲಿದ್ದ ತಾಯಿಗೆ ಕಳಿಸಿದ. ಆಕೆ ಫೋನು ಮಾಡಿ ಅತ್ತುಬಿಟ್ಟರಂತೆ. ಅದನ್ನು ಕೇಳಿದ ದಿನ ಜಯಶೀಲರಿಗೆ ಹಾಲೆಂಡಿನ ಮೇಡಂ ಕೈ ಕುಲುಕಿದ್ದಕ್ಕಿಂತ ಹೆಚ್ಚು ಹೆಮ್ಮೆಯೆನಿಸಿತು. ನಿವೃತ್ತಿಯಾದ ಮೇಲೂ ಮೂರು ವರ್ಷ ಬರಬೇಕೆಂದು ಕಂಪನಿ ಬರೆದುಕೊಟ್ಟಿತು.

ಸುದ್ದಿ ವಾಶಿಗೆ ಹೋಗದಿರುತ್ತದೆಯೇ? ಆರು ವರ್ಷದಿಂದ ಡೊಂಬಿವಲಿಗೆ ಕಾಲಿಡದಿದ್ದ ದಯಾನಂದ ಒಂದು ಭಾನುವಾರ ಮಿಠಾಯಿ ಪೆಟ್ಟಿಗೆ ಹಿಡಿದು ಬಂದರು. ಮೊದಲು ಜಯಶೀಲರ ಪಾದವನ್ನು ನೋಡಿದರು. ಬೆರಳು ಐದೂ ಇದ್ದವು. ಆಮೇಲೆ ನಕಾಶೆಯನ್ನು ನೋಡಿದರು. ಕುರ್ಚಿಯಲ್ಲಿ ಕೂತು ಕಡಗ ಹಿಂದಕ್ಕೆ ಸರಿಸಿ, ಮೆತ್ತಗೆ ಮಾತು ತೆಗೆದರು.

"ಭಾವ, ಹೋಟೆಲಿನ ಮೇಲೆ ನಾನೂ ಸೋಲಾರ್ ಹಾಕಿಸಿದ್ದೇನೆ. ಹೇಗೂ ನಿಮ್ಮ ಕೈಗುಣ ಲೋಕಕ್ಕೆಲ್ಲ ಗೊತ್ತಾಗಿದೆ. ಹೋಟೆಲಿನ ಬೋರ್ಡಿನ ಮೇಲೆ ಒಂದು ಶ್ರೀ ಬರೆದುಕೊಡಿ ಮಾರಾಯ್ರೆ."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬಂದ ಬಹುವಚನ ಅದು. ಜಯಶೀಲರು ಅವಸರ ಮಾಡಲಿಲ್ಲ. ಊದಿದ ಮಣಿಕಟ್ಟನ್ನು ನೀವಿಕೊಂಡರು.

"ಬರೀತೇನೆ ಭಾವ, ಬರೆಯದೆ ಎಂತ. ಆದರೆ ಶ್ರೀ ಬರೆದ ಮೇಲೆ ಅದರ ಕೆಳಗೆ ತಪ್ಪು ಇರಬಾರದು ನೋಡಿ. ಮೊದಲು ಸಾಂಬಾರು ದಪ್ಪ ಮಾಡಿ, ಆಮೇಲೆ ಬರ್ತೇನೆ."

ಅಣ್ಣನ ಎದುರು ಎಂದೂ ಗಂಡನ ಪಕ್ಷ ವಹಿಸದ ಸ್ವರ್ಣಲತಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಹೊರಗೆ ಬಂದವಳು ನೇರವಾಗಿ ನಕಾಶೆಯ ಬಳಿ ಹೋದಳು. ಹಾಲೆಂಡಿನ ಮೇಲೆ ಆಗಲೇ ಒಂದು ಸಣ್ಣ ಬೊಟ್ಟಿತ್ತು. ಅವಳು ತನ್ನ ಹಣೆಯ ದೊಡ್ಡ ಕೆಂಪು ಬೊಟ್ಟನ್ನು ಕಿತ್ತು, ಡೊಂಬಿವಲಿ ಎಲ್ಲಿದೆಯೆಂದು ಗಂಡನನ್ನು ಕೇಳಿ, ಅಲ್ಲಿಗೆ ಅಂಟಿಸಿದಳು.